ಬೆನ್ನಿಗೆ ಬಿದ್ದ ಗುಂಡು

ಎಡೆ ಇಟ್ಟು ಬಾಗಿಲು ಹಾಕಿ ಹೊರಗೆ ಕಾಯುವ ಪದ್ಧತಿಯನ್ನು ನಾನು ಮದುವೆಯಾಗಿ ಬಂದ ವರ್ಷದಿಂದಲೂ ಗೇಲಿ ಮಾಡಿದವಳು. ಮಹಾಲಯ ಅಮಾವಾಸ್ಯೆಯ ದಿನ ನಮ್ಮ ಕಡೆ ಸತ್ತ ಹಿರಿಯರಿಗೆಲ್ಲ ಎಲೆ ಹಾಕಿ, ಅವರವರಿಗೆ ಇಷ್ಟವಾದದ್ದನ್ನು ಬಡಿಸಿ, ಧೂಪ ಹಾಕಿ, ಬಾಗಿಲು ಮುಚ್ಚಿ, ಮನೆಯವರೆಲ್ಲ ಆಚೆ ಹೋಗುತ್ತಾರೆ. ಸತ್ತವರು ಬಂದು ನೆಮ್ಮದಿಯಾಗಿ ಉಂಡು ಹೋಗಲಿ ಎಂದು. ಸ್ವಲ್ಪ ಹೊತ್ತಿನ ಮೇಲೆ ಬಾಗಿಲು ತೆಗೆದರೆ ಮುದ್ದೆ ಮುದ್ದೆಯಾಗಿಯೇ ಇರುತ್ತದೆ, ಸಾರು ಸಾರಾಗಿಯೇ ಇರುತ್ತದೆ. ಒಂದು ವರ್ಷ ಮಾತ್ರ ನಮ್ಮ ಮಾವನವರ ಎಲೆಯಲ್ಲಿದ್ದ ಕೋಳಿಯ ಕಾಲು ಕಾಣೆಯಾಗಿತ್ತು. ಅತ್ತೆ ಕೈಮುಗಿದು ಕಣ್ಣೀರು ಹಾಕಿದರು. ಹಿಂದಿನ ಕಿಟಕಿಯಲ್ಲಿ ಕೂತು ಮೂತಿ ನೆಕ್ಕಿಕೊಳ್ಳುತ್ತಿದ್ದ ಬೆಕ್ಕನ್ನು ನಾನು ತೋರಿಸಿದೆ. ಆಮೇಲೆ ಹಬ್ಬ ಮುಗಿಯುವವರೆಗೂ ಅವರು ನನ್ನ ಜೊತೆ ಮಾತು ಬಿಟ್ಟಿದ್ದರು.

ಶ್ರೀನಿವಾಸಪುರದ ಒಂದು ಲ್ಯಾಬಿನಲ್ಲಿ ರಕ್ತ, ಮೂತ್ರ ಪರೀಕ್ಷೆ ಮಾಡುವುದು ನನ್ನ ಕೆಲಸ. ಮೈಮೇಲೆ ಬರುವುದು, ಗಾಳಿ ಸೋಕುವುದು, ಸತ್ತವರು ಕನಸಿನಲ್ಲಿ ಕರೆಯುವುದು, ಇವನ್ನೆಲ್ಲ ರಕ್ತ ಕಡಿಮೆಯಾದವರ ಕಾಯಿಲೆ ಎಂದು ನಕ್ಕು ಕಳುಹಿಸುತ್ತಿದ್ದೆ. ಈಗ ನಂಬುತ್ತೇನೆ ಎಂದು ಹೇಳಲು ಬರೆಯುತ್ತಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳಿಬಿಡುತ್ತೇನೆ. ಓದಿದವರಿಗೆ ಏನಾದರೂ ವಿವರಣೆ ಹೊಳೆದರೆ ಅವರು ನನಗಿಂತ ಜಾಣರು.

ಮಂಜುನಾಥ ನನ್ನ ಗಂಡನ ತಮ್ಮ. ಗೌನಿಪಲ್ಲಿ ಹತ್ತಿರದ ನಮ್ಮ ಊರಿಗೆ ನಾನು ಸೊಸೆಯಾಗಿ ಬಂದಾಗ ಅವನಿನ್ನೂ ಹೈಸ್ಕೂಲಿನಲ್ಲಿದ್ದ. ಆಂಧ್ರದ ಗಡಿಗೆ ಅಂಟಿಕೊಂಡ ಊರು. ಒಲೆಯ ಮುಂದೆ ತೆಲುಗು, ಬೀದಿಯಲ್ಲಿ ಕನ್ನಡ. ಅತ್ತಿಗೆಯನ್ನು ಅಲ್ಲಿ ವದಿನ ಎನ್ನುತ್ತಾರೆ. ಹಸಿವಾದರೂ ವದಿನಾ, ಅಂಗಿಯ ಗುಂಡಿ ಕಿತ್ತರೂ ವದಿನಾ, ಅವನಿಗೆ ದಿನವಿಡೀ ಅದೇ ಜಪ. ನನಗೆ ಒಡಹುಟ್ಟಿದ ತಮ್ಮಂದಿರಿಲ್ಲ. ಇವನೇ ತಮ್ಮ ಎಂದು ಸಾಕಿದೆ. ಸೈನ್ಯಕ್ಕೆ ಸೇರಿದ ಮೇಲೆ ಪ್ರತಿ ಸಲ ರಜೆ ಮುಗಿಸಿ ಹೊರಡುವಾಗ ನಾನು ಹಾಕಿದ ತೋತಾಪುರಿ ಉಪ್ಪಿನಕಾಯಿಯ ಡಬ್ಬಿಯನ್ನು ಹಳೆ ಪಂಚೆಯಲ್ಲಿ ಸುತ್ತಿ ಟ್ರಂಕಿನ ತಳದಲ್ಲಿ ಇಟ್ಟುಕೊಳ್ಳುತ್ತಿದ್ದ. ಅಲ್ಲಿನ ಚಳಿಗೆ ಎಣ್ಣೆ ಗಟ್ಟಿಯಾಗುತ್ತದೆ, ಚಮಚ ಮುರಿಯುತ್ತದೆ, ಆದರೂ ಡಬ್ಬಿ ಒಂದು ವಾರ ಬಾಳುವುದಿಲ್ಲ ಎಂದು ಹೇಳಿ ನಗುತ್ತಿದ್ದ.

ಗಡಿಯಲ್ಲಿ ಗುಂಡಿನ ಕಾಳಗ ನಡೆದು ಅವನು ಸತ್ತ ಸುದ್ದಿ ಫೋನಿನಲ್ಲಿ ಬಂತು. ಪೆಟ್ಟಿಗೆ ಬರುವ ಮುಂಚೆಯೇ ಫ್ಲೆಕ್ಸುಗಳು ಬಂದವು. ಕ್ರಾಸಿನಿಂದ ನಮ್ಮ ಮನೆಯವರೆಗೆ ದಾರಿಯುದ್ದಕ್ಕೂ ಮಂಜನ ಮುಖ, ಅವನ ಸುತ್ತ ಅವನು ಬದುಕಿದ್ದಾಗ ಒಂದು ಸಲವೂ ಮಾತನಾಡಿಸದ ಮುಖಂಡರ ಮುಖ. ಕೆಲವು ಫ್ಲೆಕ್ಸಿನಲ್ಲಿ ಅವನಿಗಿಂತ ಅವರ ಫೋಟೋ ದೊಡ್ಡದಾಗಿತ್ತು. ಟಿವಿಯವರು ಅತ್ತೆಯ ಬಾಯಿಯ ಹತ್ತಿರ ಮೈಕ್ ಹಿಡಿದು, ಅಮ್ಮಾ, ನಿಮಗೆ ಹೆಮ್ಮೆ ಆಗುತ್ತಿದೆಯಾ ಎಂದು ಕೇಳಿದರು. ಆಯಮ್ಮನಿಗೆ ಹೆಮ್ಮೆ ಎಂದರೇನು ಎಂದೇ ಆ ಹೊತ್ತಿಗೆ ಗೊತ್ತಿರಲಿಲ್ಲ.

ತಿಂಗಳು ಕಳೆದ ಮೇಲೆ ಅವನ ಜೊತೆಗಿದ್ದ ಮುರುಗೇಶ ಎನ್ನುವ ಹುಡುಗ ಹೊಸೂರು ಕಡೆಯಿಂದ ಮನೆ ಹುಡುಕಿಕೊಂಡು ಬಂದ. ಕೈಗೆ ಇನ್ನೂ ಪಟ್ಟಿ ಇತ್ತು. ಏನು ನಡೆಯಿತೆಂದು ನಮಗೆ ಸರಿಯಾಗಿ ಗೊತ್ತಾದದ್ದು ಅವನಿಂದಲೇ. ಮೇಲಿನ ಗುಡ್ಡದಿಂದ ಗುಂಡು ಸುರಿಯುತ್ತಿತ್ತಂತೆ. ಬಯಲಿನಲ್ಲಿ ಸಿಕ್ಕಿಬಿದ್ದವರಲ್ಲಿ ಮುರುಗೇಶನೂ ಒಬ್ಬ. ಮಂಜ ಬಂಡೆಯ ಮರೆಯಿಂದ ತೆವಳಿಕೊಂಡು ಬಂದು ಅವನ ಬೆನ್ನುಚೀಲದ ಪಟ್ಟಿ ಹಿಡಿದು ಎಳೆದುಕೊಂಡು ಹೋಗಿದ್ದ. ಮತ್ತೆ ಹೋಗಿ ಒಡಿಶಾದ ಇನ್ನೊಬ್ಬ ಹುಡುಗನನ್ನು ತಂದಿದ್ದ. ಯಾರೋ ಬೇಡವೆಂದು ಕೂಗಿದರೂ ಕೇಳದೆ ಮೂರನೆಯ ಸಲವೂ ಹೋಗಿದ್ದ. ಅಷ್ಟು ಹೊತ್ತಿಗೆ ರಕ್ತ ಹೋಗಿ ಹೋಗಿ ಮುರುಗೇಶನಿಗೆ ಪ್ರಜ್ಞೆ ತಪ್ಪಿತ್ತು. ಮುಂದಿನದನ್ನು ತಾನು ನೋಡಲಿಲ್ಲ ಎಂದು ಹೇಳಿ ಅತ್ತೆಯ ಕಾಲು ಹಿಡಿದುಕೊಂಡು ಅತ್ತ.

ಇಷ್ಟು ಸಾಕಿತ್ತು ನಮಗೆ. ಆದರೆ ಊರಿಗೆ ಸಾಕಾಗಲಿಲ್ಲ. ಅದಕ್ಕೆ ಕಾರಣ ಬೇರೆ ಯಾರೂ ಅಲ್ಲ, ನಮ್ಮ ಮನೆಯದೇ ಬಾಯಿ. ಮಣ್ಣು ಮಾಡುವ ಮುಂಚೆ ಹೆಣಕ್ಕೆ ಮನೆಯವರ ಹೊಸ ಬಟ್ಟೆ ಹೊದಿಸಬೇಕು ಎನ್ನುವುದು ನಮ್ಮಲ್ಲಿನ ನಡಾವಳಿ. ಪೆಟ್ಟಿಗೆಯ ಜೊತೆ ಬಂದಿದ್ದ ಸೈನ್ಯದವರು ತೆಗೆಯುವುದು ಬೇಡ ಎಂದು ಕೇಳಿಕೊಂಡರು. ನನ್ನ ಗಂಡನ ಚಿಕ್ಕಪ್ಪ ಹಟ ಹಿಡಿದರು. ಮಾವಿನ ತೋಟದಲ್ಲಿ ಗುಂಡಿಯ ಪಕ್ಕ ಪೆಟ್ಟಿಗೆ ತೆಗೆಸಿ, ಬಟ್ಟೆ ಸುತ್ತಲು ಮಂಜನನ್ನು ಸ್ವಲ್ಪ ಹೊರಳಿಸಿದರು. ಗಾಯಗಳೆಲ್ಲ ಬೆನ್ನಿಗೆ ಆಗಿದ್ದವು. ಎದೆ ಹಾಗೇ ಇತ್ತು. ನನ್ನ ಗಂಡ ಅದನ್ನು ನೋಡಿಯೂ ನನಗೆ ಹೇಳಲಿಲ್ಲ. ಚಿಕ್ಕಪ್ಪ ಮಾತ್ರ ಟೀ ಅಂಗಡಿಯಲ್ಲಿ ಕೂತು, ಪಾಪ ಹುಡುಗನ ಬೆನ್ನು ಜರಡಿಯಾಗಿತ್ತು ಎಂದು ಕಂಡಕಂಡವರ ಮುಂದೆ ಮರುಗಿದರು. ಅವರ ಬಾಯಿಗೆ ಬೀಗವಿಲ್ಲ. ಮನಸ್ಸು ಕೆಟ್ಟದ್ದಲ್ಲ, ಆದರೆ ಒಳ್ಳೆಯ ಮನಸ್ಸಿನವರು ಆಡಿದ ಮಾತೇ ನಮ್ಮನ್ನು ಸುಟ್ಟಿತು.

ಆಗ ಊರಿನಲ್ಲಿ ಮಂಜನ ಕಲ್ಲಿನ ವಿಗ್ರಹ ನಿಲ್ಲಿಸುವ ಓಡಾಟ ನಡೆದಿತ್ತು. ಶಿವಾರಪಟ್ಟಣದ ಶಿಲ್ಪಿಗಳಿಗೆ ಫೋಟೋ ಕೊಟ್ಟು ಬಂದಿದ್ದರು. ಕೆಳಗಿನ ಫಲಕದಲ್ಲಿ ಯಾರ ಹೆಸರು ಮೊದಲು ಬರಬೇಕು ಎನ್ನುವಲ್ಲಿ ಜಗಳ ಹತ್ತಿತು. ಜಲ್ಲಿ ಕ್ರಷರ್ ಇಟ್ಟುಕೊಂಡಿದ್ದ ಒಬ್ಬ ಮುಖಂಡರಿದ್ದರು, ಊರೆಲ್ಲ ಅವರನ್ನು ಕ್ರಷರಣ್ಣ ಎಂದೇ ಕರೆಯುತ್ತದೆ. ಅವರ ಹೆಸರನ್ನು ಎರಡನೆಯ ಸಾಲಿಗೆ ಹಾಕಿದರು. ಅವತ್ತೇ ಅವರಿಗೆ ಚಿಕ್ಕಪ್ಪನ ಮಾತು ನೆನಪಿಗೆ ಬಂತು. ನಮ್ಮ ಕೆರೆಯ ಏರಿಯ ಮೇಲೆ ಒಂದು ಹಳೆಯ ವೀರಗಲ್ಲಿದೆ. ಎದೆಗೆ ಬಾಣ ನಟ್ಟುಕೊಂಡು ನಿಂತ ಯಾರೋ ವೀರ. ಕ್ರಷರಣ್ಣ ಅದರ ಕಡೆ ಕೈ ತೋರಿಸಿ ಸಭೆಯಲ್ಲಿ ಹೇಳಿದ ಮಾತು ಸಂಜೆಯೊಳಗೆ ಮನೆಮನೆ ತಲುಪಿತು: “ನೋಡ್ರಪ್ಪಾ, ವೀರ ಅಂದ್ರೆ ಎದೆಗೆ ತಗೊಂಡೋನು. ಬೆನ್ನಿಗೆ ಬಿದ್ದೋನು ಯಾವ ಕಡೆ ಮುಖ ಮಾಡಿದ್ದ ಅಂತ ನಾನು ಹೇಳಲ್ಲ. ನೀವೇ ಯೋಚನೆ ಮಾಡಿ.”

ಊರು ಯೋಚನೆ ಮಾಡಿತು. ಯೋಚನೆ ಮಾಡಲು ಖರ್ಚಿಲ್ಲವಲ್ಲ. ಇಬ್ಬರನ್ನು ತಂದದ್ದು ನಿಜವಿರಬಹುದು, ಮೂರನೆಯ ಸಲ ಹೆದರಿ ಹಿಂದಕ್ಕೆ ಓಡಿದ್ದಾನೆ, ಓಡುವಾಗ ಬೆನ್ನಿಗೆ ಬಿದ್ದಿದೆ ಎಂದು ತೀರ್ಮಾನವಾಯಿತು. ಬಂದೂಕನ್ನು ಹತ್ತಿರದಿಂದ ನೋಡದವರೆಲ್ಲ ಯುದ್ಧದ ಪಂಡಿತರಾದರು. ಇಬ್ಬರ ಜೀವ ಉಳಿಸಿದವನ ಲೆಕ್ಕ ಯಾರಿಗೂ ಬೇಕಾಗಲಿಲ್ಲ, ಅವನ ಬೆನ್ನು ಮಾತ್ರ ಬೇಕಾಯಿತು. ವಿಗ್ರಹದ ಮಾತು ನಿಂತಿತು. ಆಮೇಲೆ ಯಾವಾಗಲೋ ನನ್ನ ಗಂಡ ಮಾಲೂರಿಗೆ ಹೋದವರು ಶಿವಾರಪಟ್ಟಣಕ್ಕೂ ಹೋಗಿ ವಿಚಾರಿಸಿದರು. ಮಂಜನಿಗೆಂದು ತೆಗೆದಿಟ್ಟ ಕಲ್ಲಿನಲ್ಲಿ ಭುಜ ಮಾತ್ರ ಮೂಡಿತ್ತು. ಊರಿನವರು ಯಾರೂ ಆ ಕಡೆ ತಲೆ ಹಾಕದ್ದರಿಂದ ಅದನ್ನು ಬೇರೆ ಕಡೆಯ ಮುಖಂಡರೊಬ್ಬರ ತಂದೆಯ ವಿಗ್ರಹಕ್ಕೆ ಬಳಸಿದ್ದರು. ಆ ಭುಜದ ಮೇಲೆ ಈಗ ಶಾಲು ಹೊದಿಸಿದ್ದಾರೆ. ಶಿಲ್ಪಿಯನ್ನು ದೂರುವ ಹಾಗಿಲ್ಲ, ಅವರೂ ಹೊಟ್ಟೆ ಹೊರೆಯಬೇಕು.

ವಿಗ್ರಹ ಹಾಳಾಗಲಿ, ಅದು ನನಗೆ ಎಂದೂ ಬೇಕಿರಲಿಲ್ಲ. ಅತ್ತೆಯ ಪಾಡೇ ನನಗೆ ನುಂಗಲಾರದ ತುತ್ತಾಯಿತು. ಮಗ ಸತ್ತ ವಾರಕ್ಕೇ ಹಾಲಿನ ಕ್ಯಾನು ಹಿಡಿದು ಡೈರಿಗೆ ಹೋದ ಹೆಂಗಸು ಅವರು. ಹಸುವಿಗೆ ಸೂತಕ ಗೊತ್ತಾಗುತ್ತದೆಯೇ ಎನ್ನುತ್ತಿದ್ದರು. ಈ ಮಾತು ಹುಟ್ಟಿದ ಮೇಲೆ ಡೈರಿಗೆ ಹೋಗುವುದನ್ನು ಬಿಟ್ಟರು. ಸಾಲಿನಲ್ಲಿ ನಿಂತ ಹೆಂಗಸರು ಮಾತು ನಿಲ್ಲಿಸಿ ದಾರಿ ಬಿಡುತ್ತಾರಂತೆ. ಬೈದಿದ್ದರೆ ತಡೆಯಬಹುದಿತ್ತು, ದಾರಿ ಬಿಡುವುದನ್ನು ತಡೆಯಲಾಗುವುದಿಲ್ಲ ಎಂದರು. ನಾನು ಕೆಲಸದಿಂದ ಬಂದ ಕೂಡಲೇ ಪಕ್ಕದಲ್ಲಿ ಕೂತು ಕೇಳುತ್ತಿದ್ದರು, “ನೀನು ಆಸ್ಪತ್ರೆ ಕಂಡೋಳು, ನಿಜ ಹೇಳೇ. ಅವನು ಓಡಿಬಿಟ್ನಾ?” ಗುಂಡು ಯಾವ ಕಡೆಯಿಂದಲಾದರೂ ಬರುತ್ತದೆ, ಯುದ್ಧದಲ್ಲಿ ಹಿಂದೆ ಮುಂದೆ ಎಂದು ಇರುವುದಿಲ್ಲ ಎಂದು ನನಗೆ ತಿಳಿದಂತೆ ಹೇಳುತ್ತಿದ್ದೆ. ಸಮಾಧಾನಕ್ಕೆ ಹೇಳಿದ ಮಾತು ಯಾವುದು, ಕಂಡು ಹೇಳಿದ ಮಾತು ಯಾವುದು ಎಂದು ಅವರಿಗೆ ಗೊತ್ತಾಗುತ್ತಿತ್ತು. ಮರುದಿನ ಅದೇ ಪ್ರಶ್ನೆ ಕೇಳುತ್ತಿದ್ದರು.

ಹೀಗೆ ವರ್ಷ ಕಳೆದು, ಮಂಜ ಹೋದ ಮೇಲಿನ ಎರಡನೆಯ ಮಹಾಲಯ ಅಮಾವಾಸ್ಯೆ ಬಂತು. ಎಡೆಯ ಅಡುಗೆಯಲ್ಲಿ ಉಪ್ಪು ಖಾರ ನಾಲಗೆಗೆ ಹಚ್ಚಿ ನೋಡುವ ಹಾಗಿಲ್ಲ, ಹಿರಿಯರಿಗಿಂತ ಮುಂಚೆ ನಾವು ಎಂಜಲು ಮಾಡಿದ ಹಾಗಾಗುತ್ತದೆ. ಬೆಳಗಿನಿಂದ ಅಂದಾಜಿನ ಮೇಲೆ ಮುದ್ದೆ, ಕೋಳಿ ಸಾರು, ವಡೆ, ಕಜ್ಜಾಯ ಎಲ್ಲ ನಾನೇ ಮಾಡಿದೆ. ಮಾವನಿಗೆ ಬೀಡಿ ಕಟ್ಟು, ಅವರಪ್ಪನಿಗೆ ಕಾಲು ಬಾಟಲಿ ಬ್ರಾಂಡಿ, ಮಂಜನ ಎಲೆಗೆ ತೋತಾಪುರಿ ಉಪ್ಪಿನಕಾಯಿ. ಅತ್ತೆ ಅವನ ಫೋಟೋದ ಮುಂದೆ ಎಲೆ ಹಾಕಿ ಬಹಳ ಹೊತ್ತು ಎದ್ದೇಳಲಿಲ್ಲ. ಆಮೇಲೆ ಫೋಟೋದ ಹತ್ತಿರ ಬಾಯಿಟ್ಟು ಏನೋ ಕೇಳಿದರು. ಏನು ಕೇಳಿದರೆಂದು ನಾನು ಕೇಳಬೇಕಾಗಿರಲಿಲ್ಲ.

ಮಧ್ಯಾಹ್ನ ಎರಡು ಗಂಟೆಯ ಬಿಸಿಲು. ಬಾಗಿಲು ಹಾಕಿ ಎಲ್ಲರೂ ಹಿತ್ತಿಲಿಗೆ, ಹಸುವಿನ ಕೊಟ್ಟಿಗೆಯ ಕಡೆ ಹೋದರು. ಮುಂಬಾಗಿಲಿನಲ್ಲಿ ಯಾರೂ ಕೂರಬಾರದು, ಹಿರಿಯರು ಬರುವ ದಾರಿ ಅದು. ನನಗೆ ಹೊಗೆಗೆ ಕಣ್ಣು ಉರಿಯುತ್ತಿತ್ತು, ಕಾಲು ಬಿದ್ದು ಹೋಗಿತ್ತು. ಕೊಟ್ಟಿಗೆಯ ನೊಣದಲ್ಲಿ ನಿಲ್ಲುವ ತಾಳ್ಮೆ ಇರಲಿಲ್ಲ. ಬರುವವರಿದ್ದರೆ ನನ್ನನ್ನು ದಾಟಿಕೊಂಡು ಹೋಗಲಿ ಎಂದು ಜಗಲಿಯ ಮೇಲೆ, ಬಾಗಿಲಿಗೆ ಒರಗಿಯೇ ಕೂತೆ.

ಅವನು ಗೇಟು ತಳ್ಳಿಕೊಂಡು ಬಂದ. ಮೂವತ್ತರ ಒಳಗಿನ ವಯಸ್ಸು, ಕಪ್ಪು ಮೈ, ಸಣ್ಣಗೆ ಕತ್ತರಿಸಿದ ಕೂದಲು. ಕೈಯಲ್ಲಿ ಚೀಲ ಇರಲಿಲ್ಲ. ಆ ಬಿಸಿಲಿನಲ್ಲಿ ಪೂರ್ತಿ ತೋಳಿನ ಸ್ವೆಟರ್ ಹಾಕಿದ್ದ, ಜ್ವರವಿರಬೇಕು ಎಂದುಕೊಂಡೆ. ಇವನ್ನೆಲ್ಲ ಏಕೆ ಹೇಳುತ್ತೇನೆಂದರೆ ಅವನು ಹೊಗೆಯ ಹಾಗೆ, ನೆರಳಿನ ಹಾಗೆ ಇದ್ದ ಎಂದು ಯಾರೂ ಕಲ್ಪಿಸಿಕೊಳ್ಳಬಾರದು. ನಮ್ಮ ನಿಮ್ಮ ಹಾಗೆಯೇ ಇದ್ದ. ಮಂಜನ ಮನೆ ಇದೇನಾ ಎಂದು ಕೇಳಿ, ತಾನು ರೆಡ್ಡೆಪ್ಪ, ಮಂಜನ ಜೊತೆಗಿದ್ದವನು, ಮದನಪಲ್ಲಿ ಕಡೆಯವನು ಎಂದ. ಕುಡಿಯಲು ನೀರು ಕೇಳಿದ. ಬಾಗಿಲು ತೆಗೆಯುವ ಹಾಗಿರಲಿಲ್ಲ. ಅಂಗಳದ ನಲ್ಲಿಯಿಂದ ಚೊಂಬಿನಲ್ಲಿ ಹಿಡಿದುಕೊಟ್ಟು, ಎಡೆ ಇಟ್ಟಿದ್ದೇವೆ, ಸ್ವಲ್ಪ ಕೂತುಕೊಳ್ಳಿ, ಊಟ ಮಾಡಿಕೊಂಡೇ ಹೋಗಬೇಕು ಎಂದೆ. ಜಗಲಿಯ ತುದಿಯಲ್ಲಿ, ಗೇಟಿನ ಕಡೆ ಬೆನ್ನು ಮಾಡಿ ಕೂತ.

ಅರ್ಧ ತೆಲುಗು, ಅರ್ಧ ಕನ್ನಡದಲ್ಲಿ ಮಾತನಾಡುತ್ತಿದ್ದ. ಕೇಳದೆಯೇ ನನ್ನನ್ನು ವದಿನಾ ಎಂದ. ನಿಮ್ಮ ಉಪ್ಪಿನಕಾಯಿ ನಮ್ಮ ಬ್ಯಾರಕ್ಕಿನಲ್ಲಿ ಎಲ್ಲರಿಗೂ ಗೊತ್ತು, ಕೊನೆಯ ಡಬ್ಬಿಯ ತಳದಲ್ಲಿ ಉಳಿದಿದ್ದ ಖಾರವನ್ನು ನಾನೂ ಮಂಜನೂ ಚಪಾತಿಯಲ್ಲಿ ಒರೆಸಿಕೊಂಡು ತಿಂದಿದ್ದೆವು ಎಂದು ಹೇಳಿದ.  ಅವನು ಮಂಜನ ವಿಷಯ ಹೇಳಲು ಶುರು ಮಾಡಿದಾಗ ನನ್ನ ಮುಖ ನೋಡಲಿಲ್ಲ, ತನ್ನ ಅಂಗೈಗಳನ್ನೇ ನೋಡುತ್ತಿದ್ದ.

ಮೂರನೆಯ ಸಲ ಮಂಜ ಬಂದದ್ದು ಇವನಿಗಾಗಿಯೇ ಅಂತೆ. ತೊಡೆಗೆ ಗುಂಡು ಬಿದ್ದು ಇವನು ನಟ್ಟ ಬಯಲಿನಲ್ಲಿ ಬಿದ್ದಿದ್ದ. ಮಂಜ ಎಳೆದುಕೊಂಡು ಹೋಗಲು ನೋಡಿದ, ಬಂಡೆ ದೂರವಿತ್ತು, ಗುಂಡು ಎದುರಿಗೇ ಬೀಳತೊಡಗಿತು. ಅರ್ಧ ದಾರಿಯಲ್ಲಿ ಮೊಣಕಾಲೆತ್ತರದ ಒಂದು ಕಲ್ಲಿತ್ತು. ಒಬ್ಬನಿಗೆ ಸಾಲುವಷ್ಟು ಮರೆ, ಅದೂ ಒಂದೇ ಕಡೆಗೆ, ಇನ್ನೊಂದು ಕಡೆಯಿಂದಲೂ ಗುಂಡು ಬರುತ್ತಿತ್ತು. ಮಂಜ ಇವನನ್ನು ಕಲ್ಲಿಗೆ ಒತ್ತಿ ಮಲಗಿಸಿ, ಹೊರಗಡೆ ತಾನು ಮಲಗಿದ.

“ಅವನ ಮುಖ ನನ್ನ ಮುಖದ ಹತ್ರ ಇತ್ತು ವದಿನಾ. ಬೆನ್ನು ಅವರ ಕಡೆ. ಅಲ್ಲಾಡಬೇಡ, ಕತ್ತಲಾಗ್ಲಿ, ಹೊತ್ಕೊಂಡು ಹೋಗ್ತೀನಿ ಅಂದ. ಆಮೇಲೆ ಒಂದೊಂದು ಬಿದ್ದಾಗ್ಲೂ ಅವನ ಮೈ ನನಗೆ ಬಂದು ಗುದ್ದೋದು. ಅಷ್ಟಾದ್ರೂ ಪಕ್ಕಕ್ಕೆ ಸರಿಲಿಲ್ಲ.”

ನನಗೆ ಮೊದಲು ಬಂದದ್ದು ಅಳುವಲ್ಲ. ಬೆನ್ನು ಅವರ ಕಡೆ ಎನ್ನುವ ಆ ಮಾತನ್ನು ಹಿಡಿದು ಹಿತ್ತಿಲಿಗೆ ಓಡಬೇಕು, ಅತ್ತೆಯ ಕಿವಿಯಲ್ಲಿ ಕೂಗಬೇಕು ಎನಿಸಿತು. ಅಷ್ಟರಲ್ಲಿ ಅವನು ತಾನೇ ಇನ್ನೊಂದು ಮಾತು ಸೇರಿಸಿದ.

“ನಾನೇ ಕೂಗಿದ್ದು. ಮಂಜಾ, ಬಾರೋ ಅಂತ. ಸುಮ್ನೆ ಬಿದ್ದಿದ್ರೆ ಅವನು ಬರ್ತಿರಲಿಲ್ಲ. ಅದನ್ನ ನಿಮಗೆ ಹೇಳ್ಬೇಕು ಅಂತಾನೇ ಬಂದೆ.”

ಆ ಕ್ಷಣ ನನಗೆ ಅವನ ಮೇಲೆ ಹುಟ್ಟಿದ ದ್ವೇಷವನ್ನು ಮುಚ್ಚಿಡುವುದಿಲ್ಲ. ನಮ್ಮ ಹುಡುಗ ಮಣ್ಣಿನಲ್ಲಿದ್ದಾನೆ, ಇವನು ನಮ್ಮ ಜಗಲಿಯ ಮೇಲೆ ನೀರು ಕೇಳಿ ಕೂತಿದ್ದಾನೆ. ಹೋಗಲಿ ಬಿಡಪ್ಪಾ, ನೀನಾದರೂ ಬದುಕಿದೆಯಲ್ಲ ಎಂದೆ. ಮಾತು ಒಳ್ಳೆಯದೇ, ನಾನು ಆಡಿದ ಧಾಟಿ ಒಳ್ಳೆಯದಾಗಿರಲಿಲ್ಲ. ಅವನು ಮತ್ತೆ ತನ್ನ ಅಂಗೈಗಳ ಕಡೆ ನೋಡಿದ.

ಮನೆಯ ಪಕ್ಕದ ಸಂದಿಯಲ್ಲಿ ಅತ್ತೆ, ನನ್ನ ಗಂಡ, ಚಿಕ್ಕಪ್ಪ ಬರುವ ಸದ್ದಾಯಿತು. ಬಾಗಿಲು ತೆಗೆಯುವ ಹೊತ್ತು. ನಾನು ಎದ್ದೆ. ಈಗ ಹೇಳಿದೆಯಲ್ಲ, ಅದನ್ನೇ ನಮ್ಮ ಅತ್ತೆಗೆ ನಿನ್ನ ಬಾಯಿಂದಲೇ ಹೇಳು, ಕೈಕಾಲು ತೊಳೆದುಕೊಂಡು ಬಾ ಎಂದೆ. ಆಗಲಿ ಎಂದು ತಲೆಯಾಡಿಸಿದ. ನಾನು ಸಂದಿಯ ಕಡೆ ತಿರುಗಿ, ಮಂಜನ ಸ್ನೇಹಿತ ಬಂದಿದ್ದಾನೆ ಬೇಗ ಬನ್ನಿ ಎಂದು ಅತ್ತೆಯನ್ನು ಕರೆದು ಮತ್ತೆ ಈ ಕಡೆ ನೋಡಿದರೆ ಜಗಲಿ ಖಾಲಿಯಾಗಿತ್ತು. ನಲ್ಲಿಯ ಹತ್ತಿರ ಇರಲಿಲ್ಲ. ಗೇಟಿನ ಆಚೆ ಇರಲಿಲ್ಲ. ನನ್ನ ಗಂಡ ಬೈಕಿನಲ್ಲಿ ಕ್ರಾಸಿನವರೆಗೆ ಹೋಗಿ ಬಂದರು. ಆ ಹೊತ್ತಿಗೆ ಬಸ್ಸೂ ಇಲ್ಲ, ಆಟೋವೂ ಬಂದಿರಲಿಲ್ಲವಂತೆ. ಚೊಂಬು ಜಗಲಿಯ ಮೇಲೇ ಇತ್ತು, ಅದರಲ್ಲಿ ಅರ್ಧ ನೀರಿತ್ತು. ಅವನು ಅರ್ಧ ಕುಡಿದನೋ, ನಾನೇ ಅರ್ಧ ಹಿಡಿದುಕೊಟ್ಟಿದ್ದೆನೋ ನನಗೆ ಈಗಲೂ ನೆನಪಾಗುವುದಿಲ್ಲ.

ಎದುರಿಗೆ ಮಸ್ತಾನ್ ಸಾಬರ ವೆಲ್ಡಿಂಗ್ ಅಂಗಡಿ. ಅಮಾವಾಸ್ಯೆಯಾದ್ದರಿಂದ ಗಿರಾಕಿ ಇಲ್ಲದೆ ಬಾಗಿಲಲ್ಲೇ ಕೂತಿದ್ದರು. ನಮ್ಮ ಮನೆಗೆ ಬಂದವನನ್ನು ನೋಡಿದಿರಾ ಎಂದು ಕೇಳಿದೆ. ಗೇಟಿನ ಪಕ್ಕದಲ್ಲಿ ಮಂಜನ ಹಳೆಯ ಫ್ಲೆಕ್ಸ್ ಇನ್ನೂ ನಿಂತಿತ್ತು. ಬಿಸಿಲಿಗೆ ಮಂಜನ ಮುಖ ಬಿಳಿಚಿ ಹೋಗಿದ್ದರೂ ಮುಖಂಡರ ಮುಖಗಳು ಗಟ್ಟಿಯಾಗಿದ್ದವು. ಸಾಬರು ಅದರ ಕಡೆ ಕೈ ತೋರಿಸಿದರು. “ನೀವು ಕೂತು ಮಾತಾಡ್ತಿದ್ದಿದ್ದು ಕಾಣ್ತಿತ್ತು ಅಕ್ಕಾ. ಆ ಕಡೆ ಯಾರಿದ್ರೋ, ಈ ಬೋರ್ಡ್ ಅಡ್ಡ ಇತ್ತಲ್ಲ.”

ಅಂದು ಊಟಕ್ಕೆ ಕೂತಾಗ ನಾನು ಎಲ್ಲವನ್ನೂ ಅತ್ತೆಗೆ ಹೇಳಿದೆ. ಆ ಕಲ್ಲು, ಅದರ ಎತ್ತರ, ಒಳಗಡೆ ಯಾರು, ಹೊರಗಡೆ ಯಾರು, ಮುಖ ಯಾವ ಕಡೆ, ಬೆನ್ನು ಯಾವ ಕಡೆ.  ಕೇಳಿ ಮುಗಿದ ಮೇಲೆ ಅತ್ತೆ ಮಂಜನ ಎಲೆಯಲ್ಲಿದ್ದ ಮುದ್ದೆಯನ್ನು ತಮ್ಮ ಎಲೆಗೆ ಹಾಕಿಕೊಂಡು ಪೂರ್ತಿ ಉಂಡರು. ಆ ವರ್ಷದಲ್ಲಿ ಅವರು ಹೊಟ್ಟೆ ತುಂಬ ಉಂಡದ್ದನ್ನು ನಾನು ಅವತ್ತೇ ನೋಡಿದ್ದು. ಮರುದಿನ ಬೆಳಗ್ಗೆ ಅವರೇ ಕ್ಯಾನು ಎತ್ತಿಕೊಂಡು ಡೈರಿಗೆ ಹೋದರು. ಸಾಲಿನಲ್ಲಿ ನಿಂತು, ಯಾರೂ ಕೇಳದಿದ್ದರೂ, ಎಲ್ಲರಿಗೂ ಕೇಳುವ ಹಾಗೆ ಹೇಳಿದರಂತೆ: “ಹೌದು, ನನ್ನ ಮಗನಿಗೆ ಬೆನ್ನಿಗೇ ಬಿದ್ದಿದ್ದು. ಇನ್ನೊಬ್ಬ ತಾಯಿ ಮಗನ್ನ ಎದೆ ಕೆಳಗೆ ಮಲಗಿಸ್ಕೊಂಡಿದ್ದ. ಬೆನ್ನಿಗಲ್ದೆ ಇನ್ನೆಲ್ಲಿಗೆ ಬೀಳ್ತದೆ?”

ಸುದ್ದಿ ಕ್ರಷರಣ್ಣನಿಗೆ ತಲುಪಿತು. ಅವರು ಜಾಣರು, ಇಲ್ಲ ಎನ್ನಲಿಲ್ಲ. ಒಳ್ಳೇದೇ ಆಯಿತು, ಆ ಹುಡುಗನನ್ನು ಕರೆಸಿ, ನಾಲ್ಕು ಜನರ ಮುಂದೆ ಮೈಕಿನಲ್ಲಿ ಹೇಳಲಿ, ನಾನೇ ಮುಂದೆ ನಿಂತು ಹೊಸ ಕಲ್ಲು ತರಿಸುತ್ತೇನೆ ಎಂದು ಹೇಳಿ ಕಳುಹಿಸಿದರು. ನನಗೂ ಅದೇ ಬೇಕಿತ್ತು. ಮುರುಗೇಶನಿಗೆ ಫೋನ್ ಮಾಡಿ ರೆಡ್ಡೆಪ್ಪನ ನಂಬರ್ ಕೇಳಿದೆ. ಅತ್ತೆ, ಚಿಕ್ಕಪ್ಪ ಪಕ್ಕದಲ್ಲೇ ಕೂತಿದ್ದರು, ಎಲ್ಲರಿಗೂ ಕೇಳಲಿ ಎಂದು ಸ್ಪೀಕರಿನಲ್ಲಿ ಹಾಕಿದ್ದೆ.

 ಯಾವ ರೆಡ್ಡೆಪ್ಪ ಎಂದ ಮುರುಗೇಶ. ಮದನಪಲ್ಲಿ ಕಡೆಯವನು, ಕಪ್ಪಗೆ, ತೊಡೆಗೆ ಗುಂಡು ಬಿದ್ದವನು ಎಂದೆ. “ಅಕ್ಕಾ, ಅವನು ಅವತ್ತೇ ಹೋದ. ಆಸ್ಪತ್ರೆಗೆ ತಲುಪಲಿಲ್ಲ, ದಾರಿಯಲ್ಲೇ ಹೋದ. ಮಂಜನ ಪೆಟ್ಟಿಗೆ ಹೊರಟ ದಿನವೇ ಅವನದೂ ಹೊರಟಿದ್ದು” ಎಂದ. ಅವನಿಗೆ ಅಣ್ಣ ತಮ್ಮಂದಿರಿದ್ದಾರೆಯೇ ಎಂದು ಕೇಳಿದೆ. ಗೊತ್ತಿಲ್ಲ ಎಂದ. ದಾರಿಯಲ್ಲಿ ಅವನಿಗೆ ಪ್ರಜ್ಞೆ ಇತ್ತೇ, ಯಾರ ಹತ್ತಿರವಾದರೂ ಏನಾದರೂ ಹೇಳಿದ್ದನೇ ಎಂದು ಕೇಳಿದೆ. ಅದೂ ಗೊತ್ತಿಲ್ಲ. ಫೋಟೋ ಇದ್ದರೆ ಕಳುಹಿಸುತ್ತೇನೆ, ನೋಡಿ ಎಂದ.

ಅತ್ತೆ ಬೆಚ್ಚಲಿಲ್ಲ. ಬೆಚ್ಚಿದ್ದು ನಾನು. ಅವರು ಒಳಗಿನ ಕಡೆ ನೋಡಿ, ಎಡೆ ಇಟ್ಟು ಬಾಗಿಲು ಹಾಕಿದ್ದೆವಲ್ಲ, ಬಂದಿದ್ದಾನೆ ಎಂದರು. ಪಕ್ಕದ ಮನೆಯವರು ಮಜ್ಜಿಗೆಗೆ ಬಂದರು ಎಂದು ಹೇಳುವ ಹಾಗೆ. ಚಿಕ್ಕಪ್ಪ ಆಗಲೇ ಚಪ್ಪಲಿ ಮೆಟ್ಟಿ ಟೀ ಅಂಗಡಿಯ ದಾರಿ ಹಿಡಿದಿದ್ದರು. ಸಂಜೆಯ ಹೊತ್ತಿಗೆ ಊರೆಲ್ಲ ನಕ್ಕಿತು. ದೆವ್ವದ ಸಾಕ್ಷಿ ತಂದಿದ್ದಾಳೆ ಲ್ಯಾಬಿನವಳು ಎಂದು ಕ್ರಷರಣ್ಣ ಹೇಳಿದ್ದು ನನ್ನ ಕಿವಿಗೂ ಬಿತ್ತು. ನನಗೆ ಉರಿದದ್ದು ಅವರು ನಕ್ಕದ್ದಕ್ಕಲ್ಲ. ವರ್ಷ ವರ್ಷ ಸತ್ತವರಿಗೆ ಬ್ರಾಂಡಿ ಸುರಿದು, ಬೀಡಿ ಇಟ್ಟು, ಬಾಗಿಲು ಹಾಕಿ, ಬರುತ್ತಾರೆ ಬರುತ್ತಾರೆ ಎಂದು ಬಿಸಿಲಿನಲ್ಲಿ ಕಾಯುವ ಊರು ಇದು. ಕ್ರಷರಣ್ಣನ ಮನೆಯಲ್ಲೂ ಅಮಾವಾಸ್ಯೆಯ ದಿನ ಬಾಗಿಲು ಹಾಕಿದ್ದರು. ಉಣ್ಣುವುದಕ್ಕೆ ಸತ್ತವರು ಬರಬಹುದು, ಒಬ್ಬ ಸತ್ತ ಹುಡುಗನ ಮಾನ ಉಳಿಸುವುದಕ್ಕೆ ಇನ್ನೊಬ್ಬ ಸತ್ತ ಹುಡುಗ ಬರಬಾರದು. ಇದನ್ನು ಅವರ ಜೊತೆ ವಾದಿಸಬೇಕಾದವಳು ಎಡೆಯನ್ನೇ ನಂಬದ ನಾನು.

ಆಮೇಲೆ ನಾನು ಎಷ್ಟು ತಲೆ ಕೆಡಿಸಿಕೊಂಡಿದ್ದೇನೆ ಎಂದರೆ ಹೇಳಿ ಮುಗಿಯುವುದಿಲ್ಲ. ಬಂದವನು ರೆಡ್ಡೆಪ್ಪನ ತಮ್ಮನಿರಬಹುದು. ಸಾಯುವ ಮುಂಚೆ ರೆಡ್ಡೆಪ್ಪ ಹೇಳಿದ್ದನ್ನು ಯಾರೋ ಕೇಳಿಸಿಕೊಂಡು, ಅವನ ಭಾರ ಇಳಿಸಲು ಅವನ ಹೆಸರಿನಲ್ಲಿ ಬಂದಿರಬಹುದು. ಅಥವಾ ಹೊಗೆ, ಬಿಸಿಲು, ಬೆಳಗಿನಿಂದ ಖಾಲಿ ಹೊಟ್ಟೆ, ವರ್ಷದಿಂದ ಕೇಳಿದ ಒಂದೇ ಪ್ರಶ್ನೆ, ಎಲ್ಲ ಸೇರಿ ನನ್ನ ತಲೆಯೇ ಒಬ್ಬ ಹುಡುಗನನ್ನು ಕಟ್ಟಿ ಜಗಲಿಯ ಮೇಲೆ ಕೂರಿಸಿರಬಹುದು. ಆದರೆ ರೆಡ್ಡೆಪ್ಪ ಎನ್ನುವ ಹೆಸರು ನನ್ನ ತಲೆಗೆ ಎಲ್ಲಿಂದ ಬಂತು? ಮಂಜ ಯಾವಾಗಲಾದರೂ ಹೇಳಿದ್ದನೇ? ಹೇಳಿದ್ದರೂ ಹೇಳಿರಬಹುದು. ಒಂದು ದಾರಿ ಮುಚ್ಚಿದರೆ ಇನ್ನೊಂದು ತೆರೆಯುತ್ತದೆ, ಯಾವುದೂ ಕೊನೆ ಮುಟ್ಟುವುದಿಲ್ಲ.

ಅತ್ತೆ ಈಗಲೂ ದಿನಾ ಡೈರಿಗೆ ಹೋಗುತ್ತಾರೆ. ಸಾಲಿನಲ್ಲಿ ಕೆಲವರು ನಗುತ್ತಾರೆ, ಅವರು ನಿಲ್ಲುತ್ತಾರೆ. ಮಹಾಲಯದಲ್ಲಿ ಮಂಜನ ಪಕ್ಕಕ್ಕೆ ರೆಡ್ಡೆಪ್ಪನಿಗೂ ಒಂದು ಎಲೆ ಹಾಕುತ್ತಾರೆ, ಅವನ ಮನೆಯವರು ಹಾಕುತ್ತಾರೋ ಇಲ್ಲವೋ ಎಂದು. ಓಡಿಬಿಟ್ಟನಾ ಎಂದು ನನ್ನನ್ನು ಮತ್ತೆ ಕೇಳಿಲ್ಲ.

ನಾನು ಫೋನ್ ಮಾಡಿದ ದಿನ ರಾತ್ರಿಯೇ ಮುರುಗೇಶ ವಾಟ್ಸಾಪಿನಲ್ಲಿ ಫೋಟೋ ಕಳುಹಿಸಿದ. ಡೌನ್‌ಲೋಡ್ ಆಗಲು ಬೆರಳಿನಿಂದ ಒತ್ತುವ ತನಕ ಫೋಟೋ ಮಸುಕು ಮಸುಕಾಗಿಯೇ ಇರುತ್ತದಲ್ಲ, ಹಾಗೆ ಬಂತು. ಹಸಿರು ಬಟ್ಟೆ, ಕಪ್ಪು ಮುಖದ ಒಂದು ಗುರುತು, ಅಷ್ಟೇ. ಅತ್ತೆ ಪಕ್ಕಕ್ಕೆ ಬಂದು ಕೂತರು. ಅವರಿಗೆ ನೋಡಿ ಪ್ರಯೋಜನವಿರಲಿಲ್ಲ, ಅವನನ್ನು ಕಂಡವಳು ನಾನೊಬ್ಬಳೇ. “ನೋಡಿ ಹೇಳೇ, ಅವನೇನಾ?” ಎಂದು ಕೇಳಿದರು. ನನ್ನ ಹೆಬ್ಬೆರಳು ಅದರ ಮೇಲೇ ಇತ್ತು. ಬೇರೆ ಮುಖವಾಗಿದ್ದರೆ ಆ ಕಲ್ಲು ಸುಳ್ಳು, ಆ ಮಾತು ಸುಳ್ಳು, ಬೆಳಗ್ಗೆ ಹಾಲಿನ ಕ್ಯಾನು ಮೂಲೆ ಸೇರುತ್ತದೆ. ಅದೇ ಮುಖವಾಗಿದ್ದರೆ ನಾನು ಏನನ್ನು ನಂಬಿಕೊಂಡು ಬದುಕಿದ್ದೆನೋ ಅದು ಸುಳ್ಳು.

“ಹೌದು, ಅವನೇ” ಎಂದು ಫೋನು ಮುಚ್ಚಿಟ್ಟೆ. ಒತ್ತಿರಲಿಲ್ಲ. ಇವತ್ತಿಗೂ ಒತ್ತಿಲ್ಲ.